ಕಛೇರಿಗೊಂದು ಪೆನ್ನಿ ಲಾಭ

ನಮ್ಮಲ್ಲಿ ಗಣಪತಿ ಹಬ್ಬದ ಚಪ್ಪರಗಳು ಇಳಿದು ದಸರೆಯ ಸಡಗರ ಶುರುವಾಗುವ ಹೊತ್ತಿಗೆ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಂಗೀತದ ಹೊಸ ವರ್ಷ ಹುಟ್ಟುತ್ತದೆ. ಆ ಊರಿನ ಹ್ಯಾಲೆ ವಾದ್ಯವೃಂದ ಬೇಸಿಗೆಯ ಬಿಡುವು ಮುಗಿಸಿ ವೇದಿಕೆ ಹತ್ತಿತೆಂದರೆ ಮುಂದಿನ ಮೇ, ಜೂನ್ ತನಕ ಇಳಿಯುವುದಿಲ್ಲ. ಈ ಅವಧಿಗೆ ಅವರು ಸೀಸನ್ ಅನ್ನುತ್ತಾರೆ. ಈ ಸಲದ ಸೀಸನ್ನಿನ ಪುಸ್ತಿಕೆ ಎಷ್ಟೋ ತಿಂಗಳ ಹಿಂದೆಯೇ ಅಚ್ಚಾಗಿ ರಸಿಕರ ಮನೆ ಸೇರಿರುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ನಿಮಗೆ ರುಚಿ ಇಲ್ಲದಿದ್ದರೂ ಆ ಪುಸ್ತಿಕೆಯನ್ನೊಮ್ಮೆ ತಿರುವಿಹಾಕಬೇಕು. ರಾಜರಿಲ್ಲದ, ಅರಮನೆಯಿಲ್ಲದ, ಹೊಗೆ ಉಗುಳುವ ಗಿರಣಿಗಳ ಊರೊಂದು ಇಷ್ಟು ದೊಡ್ಡ ವಾದ್ಯವೃಂದವನ್ನು 1858ರಿಂದ ಇಂದಿನವರೆಗೆ ಹೇಗೆ ಸಾಕಿಕೊಂಡು ಬಂತು ಎಂಬ ಗುಟ್ಟು ಅದರಲ್ಲಿದೆ.

ಪುಸ್ತಿಕೆ ಬಿಡಿಸಿದರೆ ನಮ್ಮ ಕಛೇರಿಗಳಿಗೆ ಒಗ್ಗಿದವರಿಗೆ ಮೊದಲು ಆಗುವುದು ಅಚ್ಚರಿ. ಬರುವ ಮಾರ್ಚ್ ತಿಂಗಳ ಒಂದು ಗುರುವಾರ ಸಂಜೆ ಯಾವ ಕೃತಿ ನುಡಿಸುತ್ತಾರೆ, ಪಿಯಾನೊ ಯಾರದು, ವೃಂದವನ್ನು ನಡೆಸುವ ಕಂಡಕ್ಟರ್ ಯಾರು, ಎಲ್ಲವೂ ಅದರಲ್ಲಿದೆ. ನಮ್ಮ ವಿದ್ವಾಂಸರು ವೇದಿಕೆಯ ಮೇಲೆ ಕೂತು, ಶ್ರುತಿ ಸೇರಿಸಿ, ಸಭೆಯತ್ತ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ಕಲ್ಯಾಣಿಯೋ ತೋಡಿಯೋ ಎಂದು ತೀರ್ಮಾನಿಸುವವರು. ಎಷ್ಟೋ ಸಲ ಪಕ್ಕವಾದ್ಯದವರಿಗೂ ಅದು ಮೊದಲೇ ಗೊತ್ತಿರುವುದಿಲ್ಲ, ಸೊಗಸಿರುವುದೂ ಅಲ್ಲೇ. ಆದರೆ ಎಂಬತ್ತು ಜನ ಒಟ್ಟಿಗೆ ಕೂತು ನುಡಿಸುವಾಗ ಆ ಸ್ವಾತಂತ್ರ್ಯಕ್ಕೆ ಎಡೆಯಿಲ್ಲ. ಎಲ್ಲವೂ ಬರೆದಿಟ್ಟದ್ದು, ಎಲ್ಲವೂ ಮೊದಲೇ ಗೊತ್ತುಮಾಡಿದ್ದು.

ಗೊತ್ತುಮಾಡುವುದೂ ಸಣ್ಣ ಕೆಲಸವಲ್ಲ. ಹೆಸರುವಾಸಿ ಕಂಡಕ್ಟರುಗಳ ದಿನಚರಿ ಎರಡು ಮೂರು ವರ್ಷ ಮೊದಲೇ ತುಂಬಿಹೋಗಿರುತ್ತದೆ. ಒಳ್ಳೆಯ ಮುಹೂರ್ತಗಳ ತಿಂಗಳಲ್ಲಿ ಮದುವೆ ಛತ್ರಕ್ಕಾಗಿ ಅಲೆದವರಿಗೆ ಆ ಪಾಡು ಅರ್ಥವಾದೀತು. ಸಂಜೆಯೊಂದಕ್ಕೆ ಸಾಮಾನ್ಯವಾಗಿ ಮೂರು ಕೃತಿಗಳು. ಮೊದಲು ಹತ್ತು ಹದಿನೈದು ನಿಮಿಷದ ಒಂದು ಚಿಕ್ಕ ರಚನೆ. ಆಮೇಲೆ ಅತಿಥಿ ಕಲಾವಿದರು ಪಿಯಾನೊ ಅಥವಾ ಪಿಟೀಲಿನಲ್ಲಿ ವೃಂದದೊಡನೆ ಸವಾಲು ಜವಾಬು ನಡೆಸುವ ಕನ್ಸರ್ಟೊ. ಬಿಡುವಿನ ನಂತರ ಮುಕ್ಕಾಲು ಗಂಟೆಯ ಸಿಂಫನಿ. ಬೀಥೋವನ್ನನ ಹೆಸರಿದ್ದರೆ ಟಿಕೆಟ್ಟು ಹೋಗುತ್ತದೆ. ಇನ್ನೂ ಬದುಕಿರುವ ಸಂಗೀತಕಾರರ ಹೊಸ ರಚನೆಯಿದ್ದರೆ ಕುರ್ಚಿಗಳು ಖಾಲಿ ಉಳಿದಾವೆಂಬ ಭಯ. ಹಾಗೆಂದು ಹೊಸದನ್ನು ಕೈಬಿಟ್ಟರೆ ಇನ್ನು ಐವತ್ತು ವರ್ಷಕ್ಕೆ ನುಡಿಸಲು ಹಳೆಯದೇ ಗತಿ. ಅದಕ್ಕೆ ಜಾಣರು ಎರಡನ್ನೂ ಒಂದೇ ಸಂಜೆಗೆ ಕಟ್ಟುತ್ತಾರೆ: ಚೈಕೋವ್ಸ್ಕಿಗಾಗಿ ಬಂದವರು ಹೊಸಬರ ಹದಿನೈದು ನಿಮಿಷವನ್ನೂ ಕೇಳಿಕೊಂಡೇ ಹೋಗಬೇಕು. ಇದು ಮೋಸವಲ್ಲ, ಕೇಳುಗರನ್ನು ಬೆಳೆಸುವ ಹಳೆಯ ಉಪಾಯ.

ತೆರೆಯ ಹಿಂದೆ ಗ್ರಂಥಪಾಲಕರೆಂಬ ಒಬ್ಬರಿರುತ್ತಾರೆ. ಪುಸ್ತಿಕೆಯಲ್ಲಿ ಅವರ ಹೆಸರು ದೊಡ್ಡಕ್ಷರದಲ್ಲಿ ಬರುವುದಿಲ್ಲ, ಆದರೆ ಅವರಿಲ್ಲದೆ ಒಂದು ಸ್ವರ ಹೊರಡದು. ಪಿಟೀಲಿನವರ ಕಮಾನುಗಳು ಒಟ್ಟಿಗೆ ಮೇಲೇರಿ ಒಟ್ಟಿಗೆ ಕೆಳಗಿಳಿಯುವುದನ್ನು ನೀವು ಟಿವಿಯಲ್ಲಾದರೂ ನೋಡಿರುತ್ತೀರಿ. ಅದು ತಾನಾಗಿ ಆಗುವ ಪವಾಡವಲ್ಲ. ಎಲ್ಲಿ ಕಮಾನು ಎಳೆಯಬೇಕು, ಎಲ್ಲಿ ತಳ್ಳಬೇಕು ಎಂದು ಮುಖ್ಯ ಪಿಟೀಲುವಾದಕರು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾರೆ. ಆ ಗುರುತುಗಳನ್ನು ಪ್ರತಿಯೊಂದು ಹಾಳೆಗೂ ಇಳಿಸುವುದು ಗ್ರಂಥಪಾಲಕರ ಪಾಲಿನ ಕೆಲಸ. ಇಬ್ಬರಿಗೆ ಒಂದು ಸ್ಟ್ಯಾಂಡು. ಒಳಬದಿಗೆ ಕೂತವರು ಪುಟ ತಿರುಗಿಸಬೇಕು, ಆ ಕ್ಷಣಕ್ಕೆ ಹೊರಬದಿಯವರು ನಿಲ್ಲಿಸದೆ ನುಡಿಸುತ್ತಿರಬೇಕು. ಇಷ್ಟೆಲ್ಲ ಅಚ್ಚುಕಟ್ಟು ಇರುವುದರಿಂದಲೇ ಎರಡು ಮೂರು ದಿನದ ತಾಲೀಮಿನಲ್ಲಿ ಒಂದು ಇಡೀ ಸಂಜೆಯ ಕಾರ್ಯಕ್ರಮ ಸಿದ್ಧವಾಗುತ್ತದೆ. ಮರುವಾರ ಮತ್ತೊಂದು. ಸೀಸನ್ ಎಂದರೆ ಈ ಗಾಣ ನಿಲ್ಲದೆ ತಿರುಗುವುದು.

ಈ ಗಾಣಕ್ಕೆ ಮೊದಲು ಹೆಗಲು ಕೊಟ್ಟವನು ಇಂಗ್ಲಿಷಿನವನಲ್ಲ. ಜರ್ಮನಿಯ ಹಾಗೆನ್ ಎಂಬ ಊರಲ್ಲಿ 1819ರಲ್ಲಿ ಹುಟ್ಟಿದ ಕಾರ್ಲ್ ಹಾಲೆ ಪ್ಯಾರಿಸ್ಸಿನಲ್ಲಿ ಪಿಯಾನೊ ನುಡಿಸಿಕೊಂಡು, ಶೋಪಾನ್, ಲಿಸ್ಟ್, ಬೆರ್ಲಿಯೋಜರಂಥವರ ಒಡನಾಟದಲ್ಲಿ ಚೆನ್ನಾಗಿಯೇ ಇದ್ದ. 1848ರ ಕ್ರಾಂತಿಯಲ್ಲಿ ಪ್ಯಾರಿಸ್ಸಿನ ಸಂಗೀತಪಾಠ, ಸಂಗೀತಗೋಷ್ಠಿಗಳೆಲ್ಲ ಮುರಿದುಬಿದ್ದವು. ಹೊಟ್ಟೆಪಾಡಿಗೆ ಇಂಗ್ಲೆಂಡಿಗೆ ಬಂದವನನ್ನು ಮ್ಯಾಂಚೆಸ್ಟರಿನ ವರ್ತಕರು ಕರೆಸಿಕೊಂಡರು. ಅವನು ಚಾರ್ಲ್ಸ್ ಹ್ಯಾಲೆ ಆದ.

ಆ ವರ್ತಕರು ಯಾರು? ಹತ್ತಿಯ ಧಣಿಗಳು. ಧಾರವಾಡ, ಕಾರವಾರದ ಕಡೆಯವರಿಗೆ ಅವರ ನೆರಳು ಪರಿಚಿತವೇ. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗಿಗೆ ಏರಿಸಬೇಕೆಂದು ಪಟ್ಟು ಹಿಡಿದವರು ಇದೇ ಮ್ಯಾಂಚೆಸ್ಟರಿನವರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಒತ್ತಡವಿತ್ತು. ನಮ್ಮ ಕೈಮಗ್ಗಗಳನ್ನು ಮೂಲೆಗೆ ತಳ್ಳಿದ ಹಣವೇ ಅಲ್ಲಿ ಸಂಗೀತಕ್ಕೂ ನೀರೆರೆಯಿತೆಂಬುದನ್ನು ಮರೆತು ಆ ಸಂಗೀತವನ್ನು ಹೊಗಳುವುದು ಪ್ರಾಮಾಣಿಕವಲ್ಲ. ಹಾಗೆಂದು ಆ ಹಣವನ್ನು ಅವರು ಏನು ಮಾಡಿದರೆಂದು ನೋಡದೆ ಬಿಡುವುದೂ ಸರಿಯಲ್ಲ.

1857ರಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಪ್ರದೇಶದಲ್ಲಿ ಒಂದು ಭಾರಿ ಕಲಾಪ್ರದರ್ಶನ ನಡೆಯಿತು. ಚಿತ್ರ ನೋಡಲು ಬಂದವರಿಗೆ ದಿನವೂ ಸಂಗೀತ ಬೇಕೆಂದು ಹ್ಯಾಲೆಗೆ ಹೇಳಿದರು. ಅವನು ಕೈಲಿದ್ದ ಚಿಕ್ಕ ವೃಂದಕ್ಕೆ ಒಳ್ಳೆಯ ವಾದಕರನ್ನು ಕೂಡಿಸಿಕೊಂಡು ದೊಡ್ಡದು ಮಾಡಿದ. ಅಕ್ಟೋಬರಿನಲ್ಲಿ ಪ್ರದರ್ಶನ ಮುಗಿದಾಗ ಇಷ್ಟು ಜನರನ್ನು ಚದುರಿಹೋಗಲು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ನಷ್ಟವಾದರೆ ತನ್ನದೇ ಎಂದು ತಲೆಗೆ ಕಟ್ಟಿಕೊಂಡು 1858ರ ಜನವರಿ 30ರಂದು ಫ್ರೀ ಟ್ರೇಡ್ ಹಾಲ್ ಎಂಬ ಸಭಾಂಗಣದಲ್ಲಿ ಮೊದಲ ಕಛೇರಿ ನಡೆಸಿದ. ಮೊದಲಿಗೆ ಅರ್ಧ ಸಭಾಂಗಣ ಖಾಲಿ. ಪಟ್ಟು ಬಿಡದೆ ಮೂವತ್ತು ಕಛೇರಿ ನಡೆಸಿ ಲೆಕ್ಕ ಹಾಕಿಸಿದಾಗ ಕೈಗೆ ಬಂದ ಲಾಭ ಹತ್ತು ಹೊಸ ಮೂರು ಪೆನ್ನಿ ನಾಣ್ಯ. ಅಂದರೆ ಕಛೇರಿಗೊಂದು ಪೆನ್ನಿ. ಹ್ಯಾಲೆ ತನ್ನ ಆತ್ಮಕಥೆಯಲ್ಲಿ ಇದನ್ನು ನಗುತ್ತಲೇ ನೆನೆದಿದ್ದಾನೆ. ಮುಂದೆ ಮೂವತ್ತೇಳು ವರ್ಷ, 1895ರಲ್ಲಿ ಸಾಯುವವರೆಗೂ, ಒಂದು ಸೀಸನ್ ಕೂಡ ತಪ್ಪಲಿಲ್ಲ.

ಇಲ್ಲೊಂದು ಪಕ್ಕದ ಮಾತು. ಆ ಕಲಾಪ್ರದರ್ಶನಕ್ಕೆ ಜಾಗ ಬೇಕೆಂದು ಅಲ್ಲಿದ್ದ ಕ್ರಿಕೆಟ್ ಕ್ಲಬ್ಬನ್ನು ಎಬ್ಬಿಸಿದರು. ಅವರು ಅದೇ ವರ್ಷ ಹತ್ತಿರದಲ್ಲೇ ಬೇರೆ ಮೈದಾನ ಮಾಡಿಕೊಂಡರು. ಅದೇ ಇಂದಿನ ಓಲ್ಡ್ ಟ್ರಾಫರ್ಡ್ ಕ್ರಿಕೆಟ್ ಮೈದಾನ. 1990ರಲ್ಲಿ ನಮ್ಮ ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು ಅಲ್ಲಿ. ಊರಿನ ಆಟದ ಮೈದಾನವೂ ವಾದ್ಯವೃಂದವೂ ಒಂದೇ ಜಾತ್ರೆಯ ಮಕ್ಕಳು. ಆ ಊರಿನ ಪತ್ರಿಕೆ ಮ್ಯಾಂಚೆಸ್ಟರ್ ಗಾರ್ಡಿಯನ್ನಿನ ನೆವಿಲ್ ಕಾರ್ಡಸ್ ಬೇಸಿಗೆಯಲ್ಲಿ ಕ್ರಿಕೆಟ್ಟಿನ ಬಗ್ಗೆ, ಚಳಿಗಾಲದಲ್ಲಿ ಹ್ಯಾಲೆ ಕಛೇರಿಗಳ ಬಗ್ಗೆ ಒಂದೇ ಲೇಖನಿಯಲ್ಲಿ ಬರೆದ. ಎರಡಕ್ಕೂ ಹೋಗುತ್ತಿದ್ದವರು ಅದೇ ಜನ.

ಹ್ಯಾಲೆ ತೀರಿಕೊಂಡಾಗ ವೃಂದವೂ ಅವನ ಜೊತೆ ಹೋಗಬೇಕಿತ್ತು. ಏಕೆಂದರೆ ಅದು ಅವನ ಸ್ವಂತದ್ದು. ಮೂವರು ಮುಂದೆ ಬಂದರು: ಹಿಟ್ಟಿನ ಗಿರಣಿ ಯಂತ್ರಗಳ ಹೆನ್ರಿ ಸೈಮನ್, ವರ್ತಕ ಗುಸ್ತಾವ್ ಬೆರೆನ್ಸ್, ವಾದ್ಯಗಳ ಅಂಗಡಿಯ ಜೇಮ್ಸ್ ಫೊರ್ಸೈತ್. ಬರುವ ಸೀಸನ್‌ಗಳಲ್ಲಿ ನಷ್ಟವಾದರೆ ತುಂಬಿಕೊಡುತ್ತೇವೆ ಎಂದು ಹೊಣೆ ನಿಂತರು. 1899ರಲ್ಲಿ ಅದೊಂದು ಸಂಘವಾಯಿತು. ವ್ಯಕ್ತಿಯ ಕೈಯಿಂದ ಊರಿನ ಕೈಗೆ ವೃಂದ ದಾಟಿದ್ದು ಆಗ. ಅದೇ ವರ್ಷ ಬಂದ ಕಂಡಕ್ಟರ್ ಹಾನ್ಸ್ ರಿಕ್ಟರ್ 1908ರ ಡಿಸೆಂಬರ್ 3ರಂದು ಇಂಗ್ಲಿಷ್ ಸಂಗೀತಕಾರ ಎಲ್ಗಾರನ ಮೊದಲ ಸಿಂಫನಿಯನ್ನು ಅಲ್ಲಿ ಪ್ರಪ್ರಥಮವಾಗಿ ನುಡಿಸಿದ. ಒಂದು ವರ್ಷದೊಳಗೆ ಅದು ಲೋಕದ ತುಂಬ ನೂರರಷ್ಟು ಸಲ ಕೇಳಿಬಂತು. ಲಂಡನ್ ಆ ಸಲ ಎರಡನೆಯದಾಯಿತು. ಪ್ರಾಂತೀಯ ಊರುಗಳಿಗೆ ಇಂಥ ದಿನಗಳು ಪದೇಪದೇ ಸಿಗುವುದಿಲ್ಲ. ಸಿಕ್ಕಾಗ ನೂರು ವರ್ಷ ಹೇಳಿಕೊಳ್ಳುತ್ತವೆ, ಹೇಳಿಕೊಳ್ಳಲಿ.

ಇಷ್ಟಾದರೂ ವಾದಕರ ಬದುಕು ಅರೆಹೊಟ್ಟೆಯದೇ. ಸಂಬಳ ಚಳಿಗಾಲದ ಸೀಸನ್ನಿಗೆ ಮಾತ್ರ. ಬೇಸಿಗೆ ಬಂತೆಂದರೆ ಕಡಲತೀರದ ಊರುಗಳಿಗೆ ಹೋಗಿ ಪ್ರವಾಸಿಗರ ಮುಂದೆ ಬ್ಯಾಂಡು ಬಾರಿಸಬೇಕು. 1943ರಲ್ಲಿ ಈ ವ್ಯವಸ್ಥೆ ಮುರಿದುಬಿತ್ತು. ಯುದ್ಧಕಾಲ, ಫ್ರೀ ಟ್ರೇಡ್ ಹಾಲ್ 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿತ್ತು. ಬಿಬಿಸಿಯ ವೃಂದದಲ್ಲೂ ನುಡಿಸುತ್ತಿದ್ದ ವಾದಕರಲ್ಲಿ ಹೆಚ್ಚಿನವರು ಅಲ್ಲಿನ ಖಾಯಂ ನೌಕರಿಯನ್ನೇ ಆರಿಸಿಕೊಂಡರು. ನ್ಯೂಯಾರ್ಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕಂಡಕ್ಟರ್ ಜಾನ್ ಬಾರ್ಬಿರೋಲಿ ಸಬ್‌ಮರೀನುಗಳು ಹೊಂಚುಹಾಕಿದ್ದ ಅಟ್ಲಾಂಟಿಕ್ ದಾಟಿ ಜೂನಿನಲ್ಲಿ ಮ್ಯಾಂಚೆಸ್ಟರಿಗೆ ಬಂದಿಳಿದಾಗ ಉಳಿದಿದ್ದವರು ಮೂವತ್ತು ಚಿಲ್ಲರೆ ಮಂದಿ. ಕಛೇರಿ ನಿಶ್ಚಯವಾಗಿದ್ದುದು ಜುಲೈ 5ಕ್ಕೆ.

ಅವನು ಒಂದು ತಿಂಗಳು ಮಾಡಿದ್ದೆಲ್ಲ ಪರೀಕ್ಷೆ. ಬೆಳಗಿನಿಂದ ರಾತ್ರಿಯವರೆಗೆ, ಬಂದವರನ್ನೆಲ್ಲ ನುಡಿಸಿ ಕೇಳಿದ. ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗ ಕೊಳಲಿಗೆ, ಶಾಲಾ ಮೇಷ್ಟರಮ್ಮ ಹಾರ್ನ್‌ಗೆ, ಕಾರ್ಖಾನೆಯ ಬ್ಯಾಂಡುಗಳವರು, ಡ್ಯಾನ್ಸ್ ಹಾಲಿನವರು. ಇಪ್ಪತ್ತು ವರ್ಷ ಹಿಂದೆ ಹ್ಯಾಮಿಲ್ಟನ್ ಹಾರ್ಟಿ ಎಂಬ ಕಂಡಕ್ಟರ್ ಹೆಂಗಸರು ಬೇಡವೆಂದು ಹೊರಗಿಟ್ಟಿದ್ದ ವೃಂದವಿದು. ಸಂಸ್ಥಾಪಕನ ಹೆಂಡತಿ ವಿಲ್ಮಾ ನೆರೂಡಾ ಯುರೋಪಿಗೆಲ್ಲ ಹೆಸರಾದ ಪಿಟೀಲುವಾದಕಿಯಾಗಿದ್ದರೂ ಈ ಬುದ್ಧಿ! ಈಗ ಹೆಂಗಸರೇ ಬಂದು ವೃಂದದ ಮಾನ ಉಳಿಸಿದರು. ಜುಲೈ 5ರಂದು ಬ್ರ್ಯಾಡ್‌ಫರ್ಡಿನಲ್ಲಿ ಕಛೇರಿ ನಡೆಯಿತು, ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ಲೆಕ್ಕದ ಪುಸ್ತಕದಲ್ಲಾಯಿತು. ಸಂಘದವರು ವಾದಕರಿಗೆ ವರ್ಷವಿಡೀ ಸಂಬಳ ಕೊಡಲು ಒಪ್ಪಿದರು. ವರ್ಷವಿಡೀ ಸಂಬಳ ಕೊಡಬೇಕೆಂದರೆ ವರ್ಷವಿಡೀ ನುಡಿಸಬೇಕು. ಸಭಾಂಗಣವಿಲ್ಲ; ಸಿನಿಮಾ ಮಂದಿರಗಳಲ್ಲಿ, ಸರ್ಕಸ್ ನಡೆಯುವ ಬೆಲ್ ವ್ಯೂ ಅಂಗಳದಲ್ಲಿ ನುಡಿಸಿದರು, ಸುತ್ತಲಿನ ಊರುಗಳಿಗೆ ಹೋಗಿ ನುಡಿಸಿದರು. ಸುಟ್ಟ ಸಭಾಂಗಣ ಮತ್ತೆ ಎದ್ದದ್ದು 1951ರಲ್ಲಿ. ಲಂಡನ್ನಿನ ಕರೆಗಳು ಬಂದರೂ ಬಾರ್ಬಿರೋಲಿ ಊರು ಬಿಟ್ಟುಹೋಗಲಿಲ್ಲ. 1970ರಲ್ಲಿ ತೀರಿಕೊಳ್ಳುವವರೆಗೂ ಅವನ ಹೆಸರು ಹ್ಯಾಲೆಗೆ ಅಂಟಿಕೊಂಡೇ ಇತ್ತು.

ಈಗ ಮೈಸೂರಿನ ಮಾತು. ಪಾಶ್ಚಾತ್ಯ ವಾದ್ಯವೃಂದದ ವಿಚಾರದಲ್ಲಿ ನಾವು ಕನ್ನಡಿಗರು ಬರಿಗೈಯವರಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ನಾಟಕ ವಾದ್ಯಗಳ ತಂಡವೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಆಟೋ ಶ್ಮಿಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ಟರ್ ಇದ್ದರು. ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು, ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದವರು. ಅರಮನೆಯಲ್ಲಿ ಇಪ್ಪತ್ತು ಸಾವಿರದಷ್ಟು ಗ್ರಾಮಫೋನ್ ತಟ್ಟೆಗಳಿದ್ದವೆಂದು ಆಗಿನ ಅಂದಾಜು. ಬಡತನದಲ್ಲಿ ಲಂಡನ್ನಿನ ಮೂಲೆಯೊಂದರಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ರಚನೆಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಅವರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ.

ಇನ್ನೂ ದೊಡ್ಡದೊಂದಿದೆ. 1945ರಲ್ಲಿ ವಾಲ್ಟರ್ ಲೆಗ್ ಎಂಬಾತ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ಹೊಸ ವಾದ್ಯವೃಂದ ಕಟ್ಟಿದ. ಕಟ್ಟಿದ ಮೇಲೆ ಸಾಕುವ ಚಿಂತೆ. ಮಹಾರಾಜರು ಅವನನ್ನು ಮೈಸೂರಿಗೆ ಕರೆಸಿಕೊಂಡು, ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷ ಕೊಡಲು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರ್ ನಡೆಸಿ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿ, ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಹಾಡುಗಳು ಮೊತ್ತಮೊದಲು ಲೋಕಕ್ಕೆ ಕೇಳಿದವು. ಆ ಕಛೇರಿಯ ಖರ್ಚಿಗೆ 4,800 ಡಾಲರಿನ ಹೊಣೆ ಹೊತ್ತವರೂ ಜಯಚಾಮರಾಜರೇ. ತಾವು ಹೋಗಲಾಗಲಿಲ್ಲ, ಧ್ವನಿಮುದ್ರಿಕೆಯನ್ನು ಮೈಸೂರಿಗೆ ತರಿಸಿಕೊಂಡು ಕೇಳುವುದು ಅವರ ಆಸೆಯಾಗಿತ್ತು.

ಇದನ್ನು ಹೇಳುವಾಗ ನಮಗೆ ಎದೆ ಉಬ್ಬುತ್ತದೆ, ಉಬ್ಬಲಿ. ಆದರೆ ಮುಂದೇನಾಯಿತು ನೋಡಿ. ಸಂಸ್ಥಾನಗಳು ವಿಲೀನವಾದವು, ಅರಮನೆಯ ಕೈ ಬಿಗಿಯಾಯಿತು, ಲಂಡನ್ನಿಗೆ ಹೋಗುತ್ತಿದ್ದ ಹಣ ನಿಂತಿತು. ಅರಮನೆಯ ವಾದ್ಯಪರಂಪರೆ ನಮ್ಮ ಪೊಲೀಸ್ ಬ್ಯಾಂಡಿನಲ್ಲಿ ಉಳಿದುಕೊಂಡಿದೆ. ದಸರೆಗೆ ಅದನ್ನು ಕೇಳಿ ಸಂತೋಷಪಡುತ್ತೇವೆ. ಆದರೆ ಮೈಸೂರಿನ ನಾಗರಿಕರು ಚೀಟಿ ಕೊಂಡು, ವಾರವಾರ ಹೋಗಿ, ಇದು ನಮ್ಮದು ಎನ್ನುವ ಸಿಂಫನಿ ವೃಂದ ಹುಟ್ಟಲಿಲ್ಲ. ಆಸ್ಥಾನದಲ್ಲಿ ಸೀಸನ್ ಎಂಬುದಿರಲಿಲ್ಲ, ದರ್ಬಾರು ಇತ್ತು. ದೊರೆಯ ಕಿವಿಗಾಗಿ ನುಡಿಸುವ ಸಂಗೀತಕ್ಕೆ ದೊರೆಯಷ್ಟೇ ಆಯಸ್ಸು. ಫಿಲ್‌ಹಾರ್ಮೋನಿಯಾಕ್ಕೂ 1964ರಲ್ಲಿ ಅದೇ ಗಂಡಾಂತರ ಬಂತು. ಲೆಗ್ ಒಂದು ದಿನ ವೃಂದವನ್ನು ಮುಚ್ಚುತ್ತೇನೆಂದು ಘೋಷಿಸಿದ. ವಾದಕರು ಒಪ್ಪಲಿಲ್ಲ, ತಾವೇ ಸಂಘ ಕಟ್ಟಿ, ಹೆಸರಿನ ಮುಂದೆ ‘ನ್ಯೂ’ ಎಂದು ಸೇರಿಸಿಕೊಂಡು ಮುಂದುವರಿದರು. ಹಳೆಯ ಹೆಸರು ಮತ್ತೆ ಕೈಗೆ ಬಂದದ್ದು 1977ರಲ್ಲಿ. ಮಹಾರಾಜರ ದುಡ್ಡು ವೃಂದಕ್ಕೆ ಹುಟ್ಟಿನಲ್ಲಿ ಹಾಲೂಡಿಸಿತು ನಿಜ, ಕಡೆಗೆ ಬದುಕಿಸಿದ್ದು ಅದರ ವಾದಕರೂ ಅವರ ಕೇಳುಗರೂ.

ಹ್ಯಾಲೆಯ ಇಂದಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1996ರಿಂದ ಅದರ ಮನೆ ಬ್ರಿಜ್‌ವಾಟರ್ ಹಾಲ್. ಪಕ್ಕದಲ್ಲೇ ಟ್ರಾಮು ಓಡುತ್ತದೆ, ಸದ್ದು ಒಳಗೆ ಬರಬಾರದೆಂದು ಇಡೀ ಕಟ್ಟಡವನ್ನು ಸುಮಾರು 280 ಸ್ಪ್ರಿಂಗುಗಳ ಮೇಲೆ ಕೂರಿಸಿದ್ದಾರೆ. ಇಂಥ ಸಭಾಂಗಣಕ್ಕೆ ಹೋದ ಕೆಲವೇ ವರ್ಷಗಳಲ್ಲಿ ಸಾಲ ಮೈಮೇಲೆ ಬಂದು ವೃಂದ ದಿವಾಳಿಯ ಅಂಚು ಮುಟ್ಟಿತ್ತು. 2000ದಲ್ಲಿ ಬಂದ ಕಂಡಕ್ಟರ್ ಮಾರ್ಕ್ ಎಲ್ಡರ್ ಮತ್ತೆ ಕಟ್ಟಿ ನಿಲ್ಲಿಸಿದರು. 2024ರಿಂದ ಮುಖ್ಯ ಕಂಡಕ್ಟರ್ ಸಿಂಗಪುರದ ಕಾಚುನ್ ವಾಂಗ್. ಜರ್ಮನಿಯವನೊಬ್ಬ ಕಟ್ಟಿದ್ದನ್ನು ಈಗ ಏಷ್ಯದವರೊಬ್ಬರು ನಡೆಸುತ್ತಿದ್ದಾರೆ. ಹಣದ ಕೊರತೆ ಈಗಲೂ ಇದ್ದೇ ಇದೆ. ಬರೀ ಟಿಕೆಟ್ಟಿನಿಂದ ಯಾವ ವಾದ್ಯವೃಂದವೂ ಬದುಕುವುದಿಲ್ಲ. ಸರಕಾರದ ಕಲಾ ಮಂಡಳಿ, ನಗರಾಡಳಿತ, ದಾನಿಗಳು ಎಲ್ಲರೂ ಕೈ ಹಚ್ಚಬೇಕು. ಆದರೆ ಅವರೆಲ್ಲ ಕೈ ಹಚ್ಚುವುದು ಸಭಾಂಗಣದಲ್ಲಿ ಜನ ಕೂತಿರುವುದನ್ನು ನೋಡಿದ ಮೇಲೆ.

ಜನ ಕೂರುವುದಕ್ಕೆ ಅವರ ದಾರಿ ವರ್ಷದ ಚಂದಾ. ಹಲವು ಸಂಜೆಗಳ ಟಿಕೆಟ್ಟನ್ನು ಸೀಸನ್ನಿಗೆ ಮೊದಲೇ ಒಟ್ಟಿಗೆ ಕೊಂಡರೆ ದರದಲ್ಲಿ ರಿಯಾಯಿತಿ, ಇಷ್ಟದ ಕುರ್ಚಿ. ಅಪ್ಪ ಕೂರುತ್ತಿದ್ದ ಸಾಲಿನಲ್ಲೇ ಮಗಳು ಕೂರುವ ಮನೆತನಗಳು ಇಂಥ ಊರುಗಳಲ್ಲಿವೆ. ಕೇಳದ ಕೃತಿಯಿದ್ದ ಸಂಜೆಯೂ ಅವರು ಬರುತ್ತಾರೆ, ದುಡ್ಡು ಕೊಟ್ಟಾಗಿದೆಯಲ್ಲ! ಹೊಸ ಸಂಗೀತಕ್ಕೆ ಕಿವಿ ಸಿಗುವುದು ಹೀಗೆ.

ನಮ್ಮಲ್ಲೂ ಇದು ಇಲ್ಲದ್ದಲ್ಲ. ಬೆಂಗಳೂರು ಗಾಯನ ಸಮಾಜ 1905ರಿಂದ ನಡೆದುಬಂದಿದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿ ಕಛೇರಿಗಳಿಗೆ ಚಪ್ಪರ ಏಳುವುದನ್ನು ಮೂರು ತಲೆಮಾರು ಕಂಡಿದೆ. ಆದರೆ ನಮ್ಮ ಸಣ್ಣ ಊರುಗಳ ಎಷ್ಟೋ ಸಂಗೀತ ಸಭೆಗಳು ಕಾರ್ಯದರ್ಶಿಯೊಬ್ಬರ ಹಟದ ಮೇಲೆ ನಿಂತಿವೆ. ಅವರ ಆರೋಗ್ಯ ಕೆಟ್ಟರೆ ಸಭೆಯ ಬಾಗಿಲಿಗೂ ಬೀಗ. ಉಚಿತ ಪ್ರವೇಶ ಎಂದು ಬರೆದು ಬರೆದು, ಸಂಗೀತಕ್ಕೆ ದುಡ್ಡು ಕೊಡುವುದು ಬೇರೆ ಯಾರದೋ ಕೆಲಸ ಎಂದು ನಾವೇ ನಂಬಿಬಿಟ್ಟಿದ್ದೇವೆ. ಈ ನಂಬಿಕೆ ಅರಮನೆಯ ಕಾಲದ್ದು, ಅರಮನೆ ಹೋದ ಮೇಲೂ ಉಳಿದಿದೆ.

ಮಕ್ಕಳು ಮ್ಯಾಂಚೆಸ್ಟರಿನಲ್ಲೋ ಲೀಡ್ಸಿನಲ್ಲೋ ಕೆಲಸಕ್ಕಿರುವ ತಂದೆತಾಯಿಗಳು ಈ ಕಾರ್ಯಕ್ರಮ ಕೇಳುತ್ತಿದ್ದರೆ, ಮುಂದಿನ ಸಲ ಫೋನಿನಲ್ಲಿ ಊಟ ತಿಂಡಿ ವಿಚಾರಿಸಿದ ಮೇಲೆ ಹ್ಯಾಲೆಯ ಒಂದು ಸಂಜೆಗೆ ಹೋಗಿಬರಲು ಹೇಳಿ. ಸಿಂಫನಿಯ ಒಂದು ಭಾಗ ಮುಗಿದು ಸದ್ದು ನಿಂತಾಗ ಚಪ್ಪಾಳೆ ತಟ್ಟಬಾರದು, ನಾಲ್ಕು ಭಾಗವೂ ಮುಗಿಯಲಿ ಎಂದು ಕಾಯಬೇಕು; ಇಷ್ಟು ತಿಳಿದಿದ್ದರೆ ಸಾಕು. ಹೋಗದೆಯೇ ಅಲ್ಲಿನ ಸಂಗೀತ ಕೇಳಬೇಕೆಂದರೆ ಬಿಬಿಸಿಯ ರೇಡಿಯೊ 3ರಲ್ಲಿ ಹ್ಯಾಲೆಯ ಕಛೇರಿಗಳು ಆಗಾಗ ಬರುತ್ತವೆ.

ಇಲ್ಲೇ ಇರುವವರಿಗೆ ನನ್ನ ಕೋರಿಕೆ ಒಂದೇ. ನಿಮ್ಮೂರಿನಲ್ಲಿ ಒಂದು ಸಂಗೀತ ಸಭೆ ಇದ್ದರೆ, ಈ ದಸರೆಯೊಳಗೆ ಅದರ ವಾರ್ಷಿಕ ಸದಸ್ಯತ್ವದ ರಶೀದಿ ಹರಿಸಿಕೊಳ್ಳಿ. ಕಛೇರಿ ಪಟ್ಟಿಯನ್ನು ಆರು ತಿಂಗಳು ಮೊದಲೇ ಅಚ್ಚು ಹಾಕಿಸಿ ಎಂದು ಕಾರ್ಯದರ್ಶಿಗಳನ್ನು ಕೇಳಿ. ಅವರು ಹಣ ಎಲ್ಲಿದೆ ಅನ್ನುತ್ತಾರೆ. ಆಗ ನಿಮ್ಮ ಪಕ್ಕದ ಮನೆಯವರ ರಶೀದಿಯನ್ನೂ ಹರಿಸಿ.